ಅಜ್ಜಿಯ ಡಬ್ಬಿಯ ಬೆಳ್ಳಿ ರೂಪಾಯಿ: ಲೋಹದ ಬೆಲೆ, ಸಂಗ್ರಹದ ಬೆಲೆ

ಚಿನಿವಾರ ಪೇಟೆಯಲ್ಲಿ ಬೆಳ್ಳಿಯ ಧಾರಣೆ ಏರಿದಾಗಲೆಲ್ಲ ಮನೆಯ ಹಳೆಯ ಟ್ರಂಕುಗಳು ಬಾಯಿ ತೆರೆಯುವುದು ರೂಢಿ. 2025ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಳ್ಳಿಯು ಔನ್ಸಿಗೆ 50 ಡಾಲರಿನ ಗಡಿಯನ್ನು ದಾಟಿದ ತರುವಾಯ ನಮ್ಮ ಪರಿಚಿತ ಕುಟುಂಬಗಳಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ದೇವರ ಪೆಟ್ಟಿಗೆಯಲ್ಲಿರುವ ರಾಣಿ ಛಾಪಿನ ರೂಪಾಯಿಗಳನ್ನು ಏನು ಮಾಡುವುದು? ಕರಗಿಸಿ ದೀಪವನ್ನೋ ಬಟ್ಟಲನ್ನೋ ಮಾಡಿಸುವುದೇ, ಸಂಗ್ರಾಹಕರಿಗೆ ಮಾರುವುದೇ, ಅಥವಾ ಮಕ್ಕಳಿಗಾಗಿ ಹಾಗೆಯೇ ಇಡುವುದೇ?

ಮೂರು ದಶಕಗಳ ಕಾಲ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನಮಗೆ ಈ ಪ್ರಶ್ನೆ ಹೊಸದಲ್ಲ. ಬಟ್ಟೆಯ ಗಂಟಿನಲ್ಲಿ ಹಳೆಯ ರೂಪಾಯಿಗಳನ್ನು ಕಟ್ಟಿಕೊಂಡು ಬಂದು 'ಬ್ಯಾಂಕಿನಲ್ಲಿ ಇದಕ್ಕೆ ಎಷ್ಟು ಕೊಡುತ್ತೀರಿ' ಎಂದು ಕೇಳುವ ಹಿರಿಯರನ್ನು ನಾವು ಎಷ್ಟೋ ಬಾರಿ ಕಂಡಿದ್ದೇವೆ. ಬ್ಯಾಂಕು ಏನನ್ನೂ ಕೊಡಲಾರದು, ಏಕೆಂದರೆ ಅವು ಇಂದು ಚಲಾವಣೆಯ ನಾಣ್ಯಗಳಲ್ಲ. ಹೀಗೆ ಹೇಳಿ ಕಳುಹಿಸಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ, ಯಾವ ದರಕ್ಕೆ ಕೊಟ್ಟುಬಿಡುತ್ತಾರೆ ಎಂಬ ಚಿಂತೆ ಮಾತ್ರ ನಮ್ಮಲ್ಲಿ ಉಳಿದುಬಿಡುತ್ತಿತ್ತು. ಆ ಚಿಂತೆಯೇ ಈ ಲೇಖನಕ್ಕೆ ಕಾರಣ.

ಮೂರು ಬೆಲೆಗಳು

ಯಾವುದೇ ಬೆಳ್ಳಿ ನಾಣ್ಯಕ್ಕೆ ಮೂರು ಬೆಲೆಗಳಿವೆ. ಮೊದಲನೆಯದು ಅದರ ಮೇಲೆ ಅಚ್ಚಾಗಿರುವ ಮುಖಬೆಲೆ. ಎರಡನೆಯದು ಲೋಹಬೆಲೆ, ಅಂದರೆ ನಾಣ್ಯವನ್ನು ಕರಗಿಸಿದರೆ ದೊರೆಯುವ ಶುದ್ಧ ಬೆಳ್ಳಿಯ ಅಂದಿನ ಮಾರುಕಟ್ಟೆಯ ಮೌಲ್ಯ. ಮೂರನೆಯದು ಸಂಗ್ರಹಬೆಲೆ, ಅಂದರೆ ಆ ನಾಣ್ಯವನ್ನು ನಾಣ್ಯವಾಗಿಯೇ ಬಯಸುವವನು ಕೊಡಲು ಸಿದ್ಧನಿರುವ ಹಣ.

ಹಳೆಯ ರೂಪಾಯಿಗಳ ಮಟ್ಟಿಗೆ ಮುಖಬೆಲೆಯು ಈಗ ಅರ್ಥ ಕಳೆದುಕೊಂಡಿದೆ. ಲೋಹಬೆಲೆ ಪೇಟೆಯ ಧಾರಣೆಯೊಂದಿಗೆ ಏರುತ್ತ ಇಳಿಯುತ್ತ ಇರುತ್ತದೆ. ಸಂಗ್ರಹಬೆಲೆಯಾದರೋ ಕೆಲವೇ ನಾಣ್ಯಗಳಿಗೆ ಸಲ್ಲುವ ಗೌರವ. ಲೋಹಬೆಲೆಯನ್ನು ನೆಲವೆಂದೂ ಸಂಗ್ರಹಬೆಲೆಯನ್ನು ಅದರ ಮೇಲೆ ಕಟ್ಟಿದ ಮಾಳಿಗೆಯೆಂದೂ ಭಾವಿಸಬಹುದು. ಎಲ್ಲ ನೆಲದ ಮೇಲೂ ಮಾಳಿಗೆ ಇರುವುದಿಲ್ಲ. ಆದರೆ ಮಾಳಿಗೆ ಇದೆಯೋ ಇಲ್ಲವೋ ಎಂದು ಕಣ್ಣೆತ್ತಿ ನೋಡದೆ ನೆಲದ ದರಕ್ಕೆ ಮಾರಿಬಿಡುವುದೇ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ನಷ್ಟ.

ಒಂದು ತೊಲದ ರೂಪಾಯಿ

1835ರ ಕಾಯಿದೆಯು ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಪ್ರದೇಶಗಳಿಗೆಲ್ಲ ಒಂದೇ ಮಾದರಿಯ ರೂಪಾಯಿಯನ್ನು ನಿಗದಿಪಡಿಸಿತು. ಅದರ ತೂಕ 180 ಗ್ರೇನ್, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಶುದ್ಧತೆ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ ಶೇ. 91.67. ಹೀಗಾಗಿ ಒಂದು ರೂಪಾಯಿಯಲ್ಲಿ 165 ಗ್ರೇನ್ ಅಥವಾ 10.69 ಗ್ರಾಂ ಶುದ್ಧ ಬೆಳ್ಳಿ ಅಡಗಿರುತ್ತದೆ. ಈ 180 ಗ್ರೇನೇ ನಮ್ಮ ಹಿರಿಯರ ತೊಲ. ಅಕ್ಕಸಾಲಿಗನು ತಕ್ಕಡಿಯ ಒಂದು ತಟ್ಟೆಯಲ್ಲಿ ರೂಪಾಯಿಯನ್ನಿಟ್ಟು ಮತ್ತೊಂದರಲ್ಲಿ ಬಂಗಾರವನ್ನು ತೂಗುತ್ತಿದ್ದುದನ್ನು ಕಂಡ ಹಿರಿಯರು ಈಗಲೂ ಕೆಲವು ಮನೆಗಳಲ್ಲಿದ್ದಾರೆ. ರೂಪಾಯಿಯು ಹಣವಾಗಿದ್ದಂತೆಯೇ ತೂಕದ ಬಟ್ಟೂ ಆಗಿತ್ತು.

ಇದೇ ಶುದ್ಧತೆಯಲ್ಲಿ ಅರ್ಧ ರೂಪಾಯಿ (5.83 ಗ್ರಾಂ), ಪಾವಲಿ (2.92 ಗ್ರಾಂ) ಮತ್ತು ಎರಡಾಣೆ (1.46 ಗ್ರಾಂ) ನಾಣ್ಯಗಳೂ ಟಂಕಿಸಲ್ಪಟ್ಟವು. ನಾಲ್ಕನೇ ವಿಲಿಯಂ, ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಈ ನಾಲ್ವರ ರೂಪಾಯಿಗಳೂ, ಆರನೇ ಜಾರ್ಜನ 1938 ಮತ್ತು 1939ರ ರೂಪಾಯಿಗಳೂ ಈ ಮಾನಕ್ಕೆ ಸೇರಿದವು. 1940ರಿಂದ 1945ರವರೆಗಿನ ರೂಪಾಯಿಗಳ ತೂಕ ಅದೇ 11.66 ಗ್ರಾಂ ಇದ್ದರೂ ಬೆಳ್ಳಿ ಅರ್ಧದಷ್ಟು ಮಾತ್ರ. ಉಳಿದದ್ದು ಶೇ. 40 ತಾಮ್ರ, ಶೇ. 5 ನಿಕ್ಕಲ್, ಶೇ. 5 ಸತು. 1946-47ರ ಹೊತ್ತಿಗೆ ಬೆಳ್ಳಿ ಪೂರ್ತಿಯಾಗಿ ಮಾಯವಾಗಿ, ಹಿಂಬದಿಯಲ್ಲಿ ಹುಲಿಯ ಚಿತ್ರವಿರುವ ನಿಕ್ಕಲ್ ನಾಣ್ಯಗಳು ಬಂದವು.

ಲೋಹ ಮುಖವನ್ನು ಮೀರಿದ ಕಾಲ

ನಾಣ್ಯದೊಳಗಿನ ಬೆಳ್ಳಿ ಹೀಗೆ ಏಕೆ ಕರಗುತ್ತ ಬಂತೆಂಬುದನ್ನು ಅರಿಯಲು ಮೂರು ಘಟ್ಟಗಳನ್ನು ನೆನೆಯಬೇಕು.

1893ರವರೆಗೆ ಯಾರು ಬೇಕಾದರೂ ಬೆಳ್ಳಿಯನ್ನು ಸರ್ಕಾರಿ ಟಂಕಸಾಲೆಗೆ ಒಯ್ದು, ನಿಗದಿತ ಶುಲ್ಕ ತೆತ್ತು ರೂಪಾಯಿ ಮಾಡಿಸಿಕೊಳ್ಳಬಹುದಾಗಿತ್ತು. ಆದ್ದರಿಂದ ಮುಖಬೆಲೆ ಮತ್ತು ಲೋಹಬೆಲೆಗಳ ನಡುವೆ ಅಂತರವು ಅತ್ಯಲ್ಪ. ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಕುಸಿಯುತ್ತ ಬಂದುದರಿಂದ ಆ ವರ್ಷದ ಜೂನ್ ತಿಂಗಳಲ್ಲಿ ಸರ್ಕಾರವು ಈ ಸೌಲಭ್ಯವನ್ನು ನಿಲ್ಲಿಸಿತು. ಅಂದಿನಿಂದ ರೂಪಾಯಿಯ ಮುಖಬೆಲೆ ಅದರ ಲೋಹಕ್ಕಿಂತ ಮೇಲಿನದಾಯಿತು. ವಿನಿಮಯದರ 1 ಶಿಲಿಂಗ್ 4 ಪೆನ್ಸ್ ಎಂದು ನೆಲೆಗೊಂಡಿತು. ಈ ದರದಲ್ಲಿ ಲಂಡನ್ನಿನಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 43 ಪೆನ್ಸ್ ಮುಟ್ಟುವತನಕ ರೂಪಾಯಿಯನ್ನು ಕರಗಿಸುವವನಿಗೆ ನಷ್ಟವೇ ಹೊರತು ಲಾಭವಿರಲಿಲ್ಲ.

ಎರಡನೆಯ ಘಟ್ಟ ಮೊದಲನೇ ಮಹಾಯುದ್ಧ. 1917ರಲ್ಲಿ ಬೆಳ್ಳಿಯು ಆ 43 ಪೆನ್ಸಿನ ಗಡಿಯನ್ನು ದಾಟಿತು. 1920ರ ಫೆಬ್ರುವರಿಯಲ್ಲಿ 89 ಪೆನ್ಸಿನ ಎತ್ತರವನ್ನೂ ಕಂಡಿತು. ರೂಪಾಯಿಯ ಒಡಲು ಅದರ ಹೆಸರಿಗಿಂತ ತುಟ್ಟಿಯಾದಾಗ ಜನ ಅದನ್ನು ಖರ್ಚು ಮಾಡುವುದನ್ನು ಬಿಟ್ಟು ಕೂಡಿಡತೊಡಗಿದರು. ಸರ್ಕಾರವು 1917ರ ನವೆಂಬರ್ 30ರಂದು ಒಂದು ರೂಪಾಯಿಯ ಕಾಗದದ ನೋಟನ್ನು ಹೊರಡಿಸಿತು. ಎರಡಾಣೆ, ನಾಲ್ಕಾಣೆ, ಎಂಟಾಣೆಗಳನ್ನು ತಾಮ್ರ-ನಿಕ್ಕಲ್ ಮಿಶ್ರಣದಲ್ಲಿ ಟಂಕಿಸಲು ಆರಂಭಿಸಿತು. 1918ರ ಪಿಟ್‌ಮನ್ ಕಾಯಿದೆಯ ಮೂಲಕ ಅಮೆರಿಕವು ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತದ ಅಗತ್ಯಕ್ಕಾಗಿ ಬ್ರಿಟನ್ನಿಗೆ ಮಾರಿತು. 1918 ಮತ್ತು 1919ರಲ್ಲಿ ಕಲ್ಕತ್ತ ಹಾಗೂ ಮುಂಬಯಿ ಟಂಕಸಾಲೆಗಳು ಸೇರಿ ಪ್ರತಿವರ್ಷ ಸುಮಾರು 40 ಕೋಟಿ ರೂಪಾಯಿಗಳನ್ನು ಟಂಕಿಸಿದವು. ನಮ್ಮ ಮನೆಗಳ ಡಬ್ಬಿಗಳಲ್ಲಿ 1918, 1919ರ ಜಾರ್ಜ್ ರೂಪಾಯಿಗಳೇ ಮೇಲಿಂದ ಮೇಲೆ ದೊರೆಯುವುದರ ಗುಟ್ಟು ಇದೇ.

ಮೂರನೆಯ ಘಟ್ಟ ಎರಡನೇ ಮಹಾಯುದ್ಧ. 1940ರಲ್ಲಿ ಜನ ಭೀತಿಯಿಂದ ನೋಟುಗಳನ್ನು ಕೊಟ್ಟು ರೂಪಾಯಿಗಳನ್ನು ಪಡೆಯಲು ಮುಗಿಬಿದ್ದಾಗ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕಿಳಿಸಲಾಯಿತು. ಹಳೆಯ ಶುದ್ಧತೆಯ ರೂಪಾಯಿಗಳನ್ನು, ಮೊದಲು ವಿಕ್ಟೋರಿಯಾ, ಬಳಿಕ ಎಡ್ವರ್ಡ್, ಕೊನೆಗೆ ಜಾರ್ಜ್ ದೊರೆಗಳವು ಎಂಬ ಕ್ರಮದಲ್ಲಿ, 1941ರಿಂದ 1943ರ ನಡುವೆ ಹಂತಹಂತವಾಗಿ ಚಲಾವಣೆಯಿಂದ ರದ್ದುಪಡಿಸಲಾಯಿತು. ಯುದ್ಧಕಾಲದಲ್ಲಿ ಅಮೆರಿಕದಿಂದ ಎರವಲು ತಂದಿದ್ದ ಸುಮಾರು 22.6 ಕೋಟಿ ಔನ್ಸ್ ಬೆಳ್ಳಿಯನ್ನು ಸ್ವಾತಂತ್ರ್ಯಾನಂತರ ಹಿಂದಿರುಗಿಸುವ ಹೊಣೆ ಬಂದಾಗ, ಚಲಾವಣೆಯಿಂದ ಹಿಂಪಡೆದ ಅರ್ಧಬೆಳ್ಳಿಯ ನಾಣ್ಯಗಳನ್ನು ಸಂಸ್ಕರಿಸಿ ಆ ಬೆಳ್ಳಿಯನ್ನು ಹೊರತೆಗೆಯಲಾಯಿತು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಎಷ್ಟು ಕೋಟಿ ನಾಣ್ಯಗಳು ಟಂಕಿಸಲ್ಪಟ್ಟವು ಎಂಬುದಕ್ಕೆ ದಾಖಲೆಗಳಿವೆ. ಎಷ್ಟು ಉಳಿದಿವೆ ಎಂಬುದಕ್ಕೆ ಯಾರ ಬಳಿಯೂ ಲೆಕ್ಕವಿಲ್ಲ. ಸರ್ಕಾರದ ಕುಲುಮೆಯಲ್ಲಿ ಕರಗಿದ್ದು ಒಂದು ಪಾಲಾದರೆ, ನಮ್ಮ ಊರುಗಳ ಅಕ್ಕಸಾಲಿಗರ ಮೂಸೆಯಲ್ಲಿ ಕರಗಿದ್ದು ಇನ್ನೊಂದು ಪಾಲು.

ಕನ್ನಡ ನಾಡಿನ ಡಬ್ಬಿಗಳು

ಕನ್ನಡಿಗರ ಮನೆಗಳಲ್ಲಿ ಬ್ರಿಟಿಷ್ ರೂಪಾಯಿಯ ಜೊತೆಗೆ ಬೇರೆ ನಾಣ್ಯಗಳೂ ಇರುವುದುಂಟು. ಕಲಬುರಗಿ, ರಾಯಚೂರು, ಬೀದರ ಕಡೆಯಿಂದ ಬಂದು ಪುಣೆ, ಸೊಲ್ಲಾಪುರ, ಹೈದರಾಬಾದುಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಚಾರ್‌ಮಿನಾರಿನ ಚಿತ್ರವಿರುವ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಹೆಚ್ಚಾಗಿ ಕಾಣುತ್ತದೆ. ಅದರ ತೂಕ ಸುಮಾರು 11.18 ಗ್ರಾಂ, ಶುದ್ಧತೆ ಶೇ. 81.8. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಎಂಬ ಲೆಕ್ಕವನ್ನು ಆ ಭಾಗದ ಹಿರಿಯರು ಬಲ್ಲರು. 1940ರ ದಶಕದ ಹಾಲಿ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತೆಂಬುದನ್ನೂ ಗಮನಿಸಬೇಕು.

ಮೈಸೂರು ಸೀಮೆಯ ಹಳೆಯ ಮನೆತನಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಬೆಳ್ಳಿ ನಾಣ್ಯಗಳು, ಅಪರೂಪಕ್ಕೆ ಟಿಪ್ಪುವಿನ ಇಮಾಮಿ ಎಂಬ ರೂಪಾಯಿ ಅಥವಾ ಹೈದರಿ ಎಂಬ ಎರಡು ರೂಪಾಯಿಯ ನಾಣ್ಯ ದೊರೆಯಬಹುದು. ಮೈಸೂರಿನಲ್ಲಿ ನಾಣ್ಯ ಟಂಕಿಸುವ ಕಾರ್ಯವು 1843ರಲ್ಲಿ ಕೊನೆಗೊಂಡಿತು. ಫಾರಸಿ ಲಿಪಿಯ ಇಂಥ ನಾಣ್ಯವು ಕೈಗೆ ಬಂದರೆ ಅದನ್ನು ಓದಿಸುವ ಮುನ್ನ ತಕ್ಕಡಿಗೆ ಹಾಕುವುದು ಸರ್ವಥಾ ಸಲ್ಲದು.

ಸ್ವತಂತ್ರ ಭಾರತದ ನಾಣ್ಯಗಳಲ್ಲಿ 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ಮತ್ತು 1970ರ ಹತ್ತು ರೂಪಾಯಿ ಶೇ. 80 ಬೆಳ್ಳಿಯವು. ತೂಕ 15 ಗ್ರಾಂ. 1972ರ ಸ್ವಾತಂತ್ರ್ಯ ರಜತೋತ್ಸವದ ಹತ್ತು ರೂಪಾಯಿ 22.5 ಗ್ರಾಂ ತೂಗುತ್ತದಾದರೂ ಬೆಳ್ಳಿ ಅರ್ಧ. 1869-1948 ಎಂದು ಬರೆದಿರುವ ಗಾಂಧಿ ಚಿತ್ರದ ಒಂದು ರೂಪಾಯಿ ಮತ್ತು ಐವತ್ತು ಪೈಸೆಗಳು ನಿಕ್ಕಲ್‌ನವು. ಬೆಳ್ಳಿಯೆಂದು ಬಗೆದು ಅವುಗಳನ್ನು ಜೋಪಾನವಾಗಿಟ್ಟವರು ಅನೇಕರಿದ್ದಾರೆ. ಆಯಸ್ಕಾಂತವನ್ನು ಹಿಡಿದರೆ ಅವು ಅಂಟಿಕೊಳ್ಳುತ್ತವೆ. ಬೆಳ್ಳಿ ಅಂಟುವುದಿಲ್ಲ.

ಒಂದು ಡಬ್ಬಿಯ ಲೆಕ್ಕ

ಕೆಲಕಾಲದ ಹಿಂದೆ ನಮ್ಮ ನೆರೆಯ ಹಿರಿಯ ತಾಯಿಯೊಬ್ಬರು ಹಿತ್ತಾಳೆಯ ಡಬ್ಬಿಯೊಂದನ್ನು ತಂದು ನಮ್ಮ ಮುಂದಿಟ್ಟರು. ಮೊಮ್ಮಗಳ ಮದುವೆಗೆ ಒಂದು ಜೊತೆ ದೀಪ ಮಾಡಿಸುವ ಆಸೆ. ಅಂಗಡಿಯವರು 'ಹಳೆಯ ನಾಣ್ಯವೆಂದರೆ ಎಲ್ಲವೂ ಅರ್ಧ ಬೆಳ್ಳಿಯೇ' ಎಂದಿದ್ದರಂತೆ. ಡಬ್ಬಿಯಲ್ಲಿ 31 ನಾಣ್ಯಗಳಿದ್ದವು. ಲೆಕ್ಕದ ಸೌಲಭ್ಯಕ್ಕಾಗಿ ಬೆಳ್ಳಿಯ ಬೆಲೆ ಗ್ರಾಮಿಗೆ 100 ರೂಪಾಯಿ ಎಂದು ಹಿಡಿಯೋಣ. ಓದುಗರು ತಾವು ಓದುವ ದಿನದ ಧಾರಣೆಯನ್ನು ಇದರ ಜಾಗದಲ್ಲಿ ಹಾಕಿಕೊಳ್ಳಬೇಕು.

ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ರೂಪಾಯಿಗಳು 14: ಶುದ್ಧ ಬೆಳ್ಳಿ 149.66 ಗ್ರಾಂ, ಬೆಲೆ 14,966 ರೂ.
1940-45ರ ಆರನೇ ಜಾರ್ಜ್ ರೂಪಾಯಿಗಳು 9: ಶುದ್ಧ ಬೆಳ್ಳಿ 52.47 ಗ್ರಾಂ, ಬೆಲೆ 5,247 ರೂ.
ಹಳೆಯ ಶುದ್ಧತೆಯ ಹಾಲಿ ಸಿಕ್ಕಾ ರೂಪಾಯಿಗಳು 3: ಶುದ್ಧ ಬೆಳ್ಳಿ 27.42 ಗ್ರಾಂ, ಬೆಲೆ 2,742 ರೂ.
1969ರ ಗಾಂಧಿ ಹತ್ತು ರೂಪಾಯಿ 2: ಶುದ್ಧ ಬೆಳ್ಳಿ 24 ಗ್ರಾಂ, ಬೆಲೆ 2,400 ರೂ.
1947ರ ನಿಕ್ಕಲ್ ರೂಪಾಯಿ 2, ಆಟಿಕೆಯಂಥ ಹಿತ್ತಾಳೆಯ ಬಿಲ್ಲೆ 1: ಬೆಳ್ಳಿ ಇಲ್ಲ.

ಒಟ್ಟು 253.55 ಗ್ರಾಂ ಶುದ್ಧ ಬೆಳ್ಳಿ, ಅಂದರೆ 25,355 ರೂಪಾಯಿ. ಅಂಗಡಿಯವರ ಲೆಕ್ಕದಂತೆ ಎಲ್ಲವನ್ನೂ ಅರ್ಧಬೆಳ್ಳಿ ಎಂದು ತೂಗಿದ್ದರೆ 165.86 ಗ್ರಾಂ ಮಾತ್ರ. ಸುಮಾರು 88 ಗ್ರಾಂ ಬೆಳ್ಳಿ ಮಾತಿನಲ್ಲಿಯೇ ಆವಿಯಾಗಿ ಹೋಗುತ್ತಿತ್ತು. ಸವೆದ ನಾಣ್ಯಗಳ ತೂಕ ತುಸು ಕಡಿಮೆ ಇರುವುದು ಸಹಜ. ಕರಗಿಸುವ ಖರ್ಚನ್ನು ಅಂಗಡಿಯವರು ಕಳೆಯುವುದೂ ನ್ಯಾಯವೇ. ಆದರೆ ಶೇ. 91.67ರ ನಾಣ್ಯವನ್ನು ಶೇ. 50 ಎನ್ನುವುದು ಸವೆತವೂ ಅಲ್ಲ, ಖರ್ಚೂ ಅಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನವೇ ನಾಣ್ಯಗಳನ್ನು ಶುದ್ಧತೆಗನುಗುಣವಾಗಿ ಪ್ರತ್ಯೇಕಿಸಿ, ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿ, ತೂಕ ಬರೆದಿಟ್ಟುಕೊಳ್ಳುವುದು ಮೊದಲ ಕರ್ತವ್ಯ.

ಶುದ್ಧತೆಯ ಬಗ್ಗೆ ಸಂಶಯವಿದ್ದರೆ ನಾಣ್ಯವನ್ನು ಕೊರೆಯದೆ, ಉಜ್ಜದೆ ನೋಡುವ ಉಪಾಯವೊಂದಿದೆ. ತೆಳುವಾದ ದಾರದಲ್ಲಿ ನಾಣ್ಯವನ್ನು ಕಟ್ಟಿ, ಸೂಕ್ಷ್ಮ ತಕ್ಕಡಿಯಲ್ಲಿ ಮೊದಲು ಗಾಳಿಯಲ್ಲಿಯೂ ಬಳಿಕ ನೀರಿನಲ್ಲಿ ಮುಳುಗಿಸಿಯೂ ತೂಗಬೇಕು. 11.66 ಗ್ರಾಮಿನ ಹಳೆಯ ಶುದ್ಧತೆಯ ರೂಪಾಯಿ ನೀರಿನಲ್ಲಿ ಸುಮಾರು 1.13 ಗ್ರಾಂ ಹಗುರವಾಗುತ್ತದೆ. ಅರ್ಧಬೆಳ್ಳಿಯದು ಸುಮಾರು 1.22 ಗ್ರಾಂ. ವ್ಯತ್ಯಾಸ ಸಣ್ಣದಾದರೂ ಒಳ್ಳೆಯ ತಕ್ಕಡಿಗೆ ಅದು ಸಿಗುತ್ತದೆ.

ಯಾವ ನಾಣ್ಯಕ್ಕೆ ಸಂಗ್ರಹಬೆಲೆ?

ಹಳೆಯದೆಲ್ಲವೂ ಅಪೂರ್ವವೆಂಬುದು ತಪ್ಪು ತಿಳಿವಳಿಕೆ. 1840ರ ಇಸವಿಯಿರುವ ವಿಕ್ಟೋರಿಯಾ ರೂಪಾಯಿ ಎಷ್ಟು ಹಳೆಯದೆನಿಸಿದರೂ ಆ ಇಸವಿಯನ್ನೇ ಬದಲಿಸದೆ ಸುಮಾರು ಎರಡು ದಶಕಗಳ ಕಾಲ ಟಂಕಿಸಲಾಯಿತು. 1862ರ ಇಸವಿಯೂ ಹಾಗೆಯೇ 1870ರ ದಶಕದ ಆರಂಭದವರೆಗೆ ಮುಂದುವರಿಯಿತು. ಇವು ಸವೆದ ಸ್ಥಿತಿಯಲ್ಲಿದ್ದರೆ ಲೋಹಬೆಲೆಗಿಂತ ಹೆಚ್ಚೇನನ್ನೂ ತರುವುದಿಲ್ಲ. ಇದಕ್ಕೆ ಪ್ರತಿಯಾಗಿ, ತೀರ ಈಚಿನದಾದ 1939ರ ಇಸವಿಯ ರೂಪಾಯಿ ಹಳೆಯ ಶುದ್ಧತೆಯ ಕೊನೆಯ ರೂಪಾಯಿಯಾಗಿದ್ದು, ಚಲಾವಣೆಗೆ ಬಂದದ್ದು ಅತ್ಯಲ್ಪ. ಆದ್ದರಿಂದ ಅದು ನಿಜಕ್ಕೂ ದುರ್ಲಭ. ಅದೇ ಕಾರಣಕ್ಕಾಗಿ ಅದರ ನಕಲಿಗಳೂ ಬಹಳ.

1911ರ ರೂಪಾಯಿಯ ಕಥೆ ಸ್ವಾರಸ್ಯಕರ. ಐದನೇ ಜಾರ್ಜನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಚಿಕ್ಕದಾಗಿ ಮೂಡಿ ಅದು ಹಂದಿಯಂತೆ ಕಾಣುತ್ತದೆಂದು ಜನರಲ್ಲಿ ಅಸಮಾಧಾನ ಹಬ್ಬಿತು. ಟಂಕಿಸಿದ ಸುಮಾರು 94 ಲಕ್ಷ ನಾಣ್ಯಗಳಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಿದ್ದಿದ್ದವು. ಉಳಿದವುಗಳನ್ನು ಕರಗಿಸಿ, 1912ರಿಂದ ಆನೆಯನ್ನು ತಿದ್ದಿ ಟಂಕಿಸಲಾಯಿತು. ನಮ್ಮ ನೆರೆಯ ತಾಯಿಯ ಹದಿನಾಲ್ಕು ನಾಣ್ಯಗಳ ನಡುವೆ 1911ರದೊಂದು ಇತ್ತು. ಅಂಗಡಿಯ ತಟ್ಟೆಯಲ್ಲಿ ಅದು ಉಳಿದ ಹದಿಮೂರರೊಂದಿಗೆ ಮೂಸೆಗೆ ಬೀಳುವುದರಲ್ಲಿತ್ತು.

ಸಾಮಾನ್ಯವಾಗಿ ನಾಣ್ಯದ ಸಂಗ್ರಹಬೆಲೆಯನ್ನು ನಾಲ್ಕು ಅಂಶಗಳು ನಿರ್ಧರಿಸುತ್ತವೆ. ಇಸವಿ, ಟಂಕಸಾಲೆ, ಅಚ್ಚಿನ ಭೇದ ಮತ್ತು ಸ್ಥಿತಿ. ಕಲ್ಕತ್ತದ ನಾಣ್ಯಗಳಲ್ಲಿ ಸಾಮಾನ್ಯವಾಗಿ ಗುರುತಿರುವುದಿಲ್ಲ. ಮುಂಬಯಿಯವುಗಳಲ್ಲಿ ಸೂಕ್ಷ್ಮವಾದ ಚುಕ್ಕೆ ಅಥವಾ 'ಬಿ' ಅಕ್ಷರವಿರುತ್ತದೆ. 1943ರಲ್ಲಿ ಆರಂಭವಾದ ಲಾಹೋರ್ ಟಂಕಸಾಲೆಯದಕ್ಕೆ 'ಎಲ್' ಅಕ್ಷರ. ಐದನೇ ಜಾರ್ಜನ 1921 ಮತ್ತು 1922ರ ರೂಪಾಯಿಗಳು 1918-19ರವುಗಳಿಗಿಂತ ಎಷ್ಟೋ ವಿರಳ. ಆದರೆ ಇವೆಲ್ಲಕ್ಕಿಂತಲೂ ಮಿಗಿಲಾದದ್ದು ಸ್ಥಿತಿ. ಕಿರೀಟದ ರೇಖೆ, ನಿಲುವಂಗಿಯ ಕುಸುರಿ, ಕೂದಲಿನ ಎಳೆಗಳು ಹೊಸದರಂತೆ ಉಳಿದಿದ್ದರೆ ಸಾಮಾನ್ಯ ಇಸವಿಯ ನಾಣ್ಯಕ್ಕೂ ಹಲವು ಪಟ್ಟು ಬೆಲೆ ಬರುತ್ತದೆ. ಕೊರಳಸರಕ್ಕೆಂದು ಕೊಂಡಿ ಬೆಸೆದ ಅಥವಾ ತೂತು ಕೊರೆದ ನಾಣ್ಯ ಎಷ್ಟು ಅಪರೂಪದ್ದಾದರೂ ಹೆಚ್ಚಿನ ಬೆಲೆಯನ್ನು ಕಳೆದುಕೊಳ್ಳುತ್ತದೆ. ಲಂಬಾಣಿ ಹೆಂಗಸರ ಆಭರಣದಲ್ಲಿರುವಂತೆ ಇಡೀ ಆಭರಣವೇ ಉಳಿದಿದ್ದರೆ ಮಾತ್ರ ಅದನ್ನು ಬಿಡಿಸದೆ ಆಭರಣವಾಗಿಯೇ ಕಾಪಾಡುವುದು ಉಚಿತ.

ಹುಣಿಸೆಹಣ್ಣಿನ ಅಪಾಯ

ದೀಪಾವಳಿಯ ಲಕ್ಷ್ಮೀಪೂಜೆಯ ಮುನ್ನಾದಿನ ದೇವರ ರೂಪಾಯಿಗಳನ್ನು ಹುಣಿಸೆಹಣ್ಣು, ಬೂದಿ ಅಥವಾ ವಿಭೂತಿ ಹಚ್ಚಿ ಥಳಥಳಿಸುವಂತೆ ತಿಕ್ಕುವುದು ನಮ್ಮ ಮನೆಗಳ ಸಂಪ್ರದಾಯ. ಭಕ್ತಿಯ ದೃಷ್ಟಿಯಿಂದ ಅದು ಸರಿಯೇ. ನಾಣ್ಯದ ದೃಷ್ಟಿಯಿಂದ ಪ್ರತಿ ವರ್ಷವೂ ಅದರ ಮುಖದ ಒಂದು ಪದರ ತೊಳೆದು ಹೋಗುತ್ತದೆ. ಬೆಳ್ಳಿಯ ಮೇಲೆ ಕಾಲಕ್ರಮೇಣ ಕೂಡುವ ಕಂದುಬಣ್ಣದ ಛಾಯೆ ಕೊಳೆಯಲ್ಲ. ಸಂಗ್ರಾಹಕರು ಅದನ್ನೇ ನಾಣ್ಯದ ಪ್ರಾಮಾಣಿಕತೆಯ ಗುರುತೆಂದು ನೋಡುತ್ತಾರೆ. ತಿಕ್ಕಿದ ನಾಣ್ಯವನ್ನು ಅವರು ಕೂಡಲೇ ಗುರುತಿಸಿ ಬೆಲೆಯನ್ನು ಇಳಿಸುತ್ತಾರೆ.

ನಮ್ಮ ಸೂಚನೆ ಇಷ್ಟೇ. ಈಗಾಗಲೇ ಸವೆದಿರುವ ಒಂದೆರಡು ನಾಣ್ಯಗಳನ್ನು ಪೂಜೆಗೆಂದು ಮೀಸಲಿಡಿ, ಅವುಗಳನ್ನು ಮನಸ್ಸಿಗೆ ಬಂದಂತೆ ಬೆಳಗಿಸಿ. ಉಳಿದವುಗಳನ್ನು ಅಂಚು ಹಿಡಿದೇ ಎತ್ತಿ, ಒಂದೊಂದನ್ನೂ ಪ್ರತ್ಯೇಕವಾಗಿ ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು ಒಣ ಜಾಗದಲ್ಲಿರಿಸಿ. ಮೆದುವಾದ ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಚೀಲಗಳು ವರ್ಷಗಳು ಕಳೆದಂತೆ ಅಂಟುದ್ರವವನ್ನು ಬಿಟ್ಟು ನಾಣ್ಯಕ್ಕೆ ಹಸಿರು ಹಿಡಿಸುತ್ತವೆ. ಅವನ್ನು ಬಳಸದಿರುವುದು ಲೇಸು.

ವಂಚನೆ ಮತ್ತು ಕಾನೂನು

ರಾಮನ ಅಥವಾ ಹನುಮಂತನ ಚಿತ್ರ, 1616, 1818 ಮುಂತಾದ ಇಸವಿ ಹಾಗೂ ಈಸ್ಟ್ ಇಂಡಿಯಾ ಕಂಪನಿಯ ಹೆಸರಿರುವ ಬಿಲ್ಲೆಗಳು ಕಂಪನಿಯ ನಾಣ್ಯಗಳಲ್ಲ. ಅವು ಈಚಿನ ಕಾಲದ ಕಲ್ಪಿತ ಬಿಲ್ಲೆಗಳು. ಅಕ್ಕಿಯ ಕಾಳನ್ನು ಸೆಳೆಯುವ ಶಕ್ತಿ ಅವಕ್ಕಿದೆಯೆಂದು ನಂಬಿಸಿ ಲಕ್ಷಾಂತರ ರೂಪಾಯಿ ಕೀಳುವ 'ರೈಸ್ ಪುಲ್ಲಿಂಗ್' ಮೋಸವು ಕರ್ನಾಟಕದಲ್ಲಿಯೂ ಹೊರಗೂ ಪೊಲೀಸ್ ದಾಖಲೆಗಳಲ್ಲಿ ಪದೇ ಪದೇ ಕಾಣಿಸಿಕೊಂಡಿದೆ. ಹಳೆಯ ನಾಣ್ಯಕ್ಕೆ ಕೋಟಿ ರೂಪಾಯಿ ಕೊಡುವುದಾಗಿ ಹೇಳಿ ಮೊದಲು ನೋಂದಣಿ ಶುಲ್ಕ ಅಥವಾ ತೆರಿಗೆ ಕಟ್ಟಿಸಿಕೊಳ್ಳುವ ದೂರವಾಣಿ ಕರೆಗಳು ಇನ್ನೊಂದು ಬಗೆ. ಇಂಥ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಈ ಒಂದು ಸೂತ್ರವನ್ನು ನೆನಪಿಟ್ಟರೆ ಸಾಕು.

ಕಾನೂನಿನ ಕೆಲವು ಅಂಶಗಳೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವು ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. 1922ರವರೆಗಿನ ಬ್ರಿಟಿಷ್ ರೂಪಾಯಿಗಳೆಲ್ಲವೂ ಈಗ ನೂರು ದಾಟಿವೆ. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ನೆನಪಿನ ಕಾಣಿಕೆಯೆಂದು ಸೂಟ್‌ಕೇಸಿನಲ್ಲಿ ಇಟ್ಟುಕೊಡುವ ತಾಯಂದಿರು ಇದನ್ನು ಗಮನಿಸಬೇಕು. ನೆಲ ಅಗೆಯುವಾಗ ಹುದುಗಿದ ನಾಣ್ಯಗಳು ದೊರೆತರೆ 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ. ಕಾನೂನುಬದ್ಧ ಚಲಾವಣೆಯಲ್ಲಿರುವ ಸರ್ಕಾರಿ ನಾಣ್ಯಗಳನ್ನು ಕರಗಿಸುವುದು 2011ರ ನಾಣ್ಯ ಕಾಯಿದೆಯ ಪ್ರಕಾರ ಅಪರಾಧ. ಮಾರಾಟದಿಂದ ಬಂದ ಲಾಭದ ಮೇಲಿನ ತೆರಿಗೆಯ ಬಗ್ಗೆ, ಹೆಚ್ಚಿನ ಮೊತ್ತವಾಗಿದ್ದರೆ, ಲೆಕ್ಕಪರಿಶೋಧಕರನ್ನು ಕೇಳುವುದು ಒಳಿತು.

ಮುಂದಿನ ದಿನಗಳಲ್ಲಿ

ಮುಂದೆ ಈ ನಾಣ್ಯಗಳಿಗೆ ಬೆಲೆ ಬರುವುದೇ ಎಂದು ಕೇಳುವವರಿಗೆ ನಾವು ಭವಿಷ್ಯ ಹೇಳಲಾರೆವು. ಬೆಳ್ಳಿಯ ಸ್ವಭಾವವನ್ನಷ್ಟೇ ನೆನಪಿಸಬಲ್ಲೆವು. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರ ದಾಸ್ತಾನಿನ ಭರಾಟೆಯಲ್ಲಿ ಬೆಳ್ಳಿ 50 ಡಾಲರಿನ ಸಮೀಪಕ್ಕೇರಿ, ಎರಡೇ ತಿಂಗಳಲ್ಲಿ ಕುಸಿದುಬಿತ್ತು. 2011ರ ಏಪ್ರಿಲಿನಲ್ಲಿ ಮತ್ತೆ ಅದೇ ಎತ್ತರವನ್ನು ಸಮೀಪಿಸಿ ಮತ್ತೆ ಇಳಿಯಿತು. 1980ರ ಗಡಿಯನ್ನು ದೃಢವಾಗಿ ದಾಟಲು 45 ವರ್ಷಗಳು ಬೇಕಾದವು. ಏರಿದ ದಿನ ಅವಸರದಿಂದ ಕೊಳ್ಳುವುದೂ ಇಳಿದ ದಿನ ಗಾಬರಿಯಿಂದ ಮಾರುವುದೂ ಗೃಹಸ್ಥರಿಗೆ ಹೇಳಿಸಿದ ವ್ಯವಹಾರವಲ್ಲ.

ಧಾರಣೆ ಏರಿದಾಗ ಇನ್ನೊಂದು ಸಂಗತಿಯೂ ನಡೆಯುತ್ತದೆ. ಸಾಮಾನ್ಯ ನಾಣ್ಯದ ಲೋಹಬೆಲೆ ಏರುತ್ತ ಹೋಗಿ ಸಂಗ್ರಹಬೆಲೆಯನ್ನು ಮುಟ್ಟುತ್ತದೆ. ಆಗ ವ್ಯಾಪಾರಿಗೂ ಅದನ್ನು ಕಾಪಾಡುವ ಕಾರಣ ಉಳಿಯುವುದಿಲ್ಲ, ಕುಲುಮೆಗೆ ಕಳುಹಿಸುತ್ತಾನೆ. ಇಂದು ಸಾಮಾನ್ಯವೆನಿಸಿದ ಇಸವಿಗಳು ಹೀಗೆಯೇ ಸದ್ದಿಲ್ಲದೆ ಕಡಿಮೆಯಾಗುತ್ತ ಬರುತ್ತವೆ. ಹಾಗೆಂದು ಉಳಿದವುಗಳ ಬೆಲೆ ನಾಳೆಯೇ ಗಗನಕ್ಕೇರುವುದೆಂದಲ್ಲ. ಕೋಟಿಗಟ್ಟಲೆ ಟಂಕಿಸಿದ ನಾಣ್ಯ ವಿರಳವಾಗಲು ತಲೆಮಾರುಗಳೇ ಬೇಕು. ಸವೆದ ಸಾಮಾನ್ಯ ರೂಪಾಯಿಯಿಂದ ಲೋಹಬೆಲೆಗಿಂತ ಹೆಚ್ಚಿನದನ್ನು ನಿರೀಕ್ಷಿಸದಿರುವುದು ವಿವೇಕ. ಒಳ್ಳೆಯ ಸ್ಥಿತಿಯದನ್ನು, ವಿರಳ ಇಸವಿಯದನ್ನು, ಸಂಸ್ಥಾನಗಳ ನಾಣ್ಯವನ್ನು ಲೋಹಬೆಲೆಗೆ ಬಿಟ್ಟುಕೊಡದಿರುವುದು ಅದಕ್ಕಿಂತ ದೊಡ್ಡ ವಿವೇಕ. ಅಂಗಡಿಗಳಲ್ಲಿ ದೊರೆಯುವ ಲಕ್ಷ್ಮೀ-ಗಣಪತಿಯ ಬೆಳ್ಳಿ ಬಿಲ್ಲೆಗಳಿಗಾದರೋ ಲೋಹಬೆಲೆಯೊಂದೇ ಆಧಾರ.

ಮಾರುವುದೇ ಆದರೆ ಕನಿಷ್ಠ ಇಬ್ಬರು ನಾಣ್ಯ ವ್ಯಾಪಾರಿಗಳಿಗೂ ಒಬ್ಬ ಬೆಳ್ಳಿ ವ್ಯಾಪಾರಿಗೂ ತೋರಿಸಿ ದರವನ್ನು ಹೋಲಿಸಿ ನೋಡಬೇಕು. ನಾಣ್ಯಗಳ ಬಗ್ಗೆ ಕುತೂಹಲವಿರುವ ಮುಂಬಯಿಯ ಕುಟುಂಬಗಳು ಕೋಟೆ ಪ್ರದೇಶದಲ್ಲಿರುವ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯಕ್ಕೆ ಮಕ್ಕಳೊಂದಿಗೆ ಒಮ್ಮೆ ಭೇಟಿ ಕೊಡಬಹುದು. ಕನ್ನಡ ನಾಡಿನ ನಾಣ್ಯಗಳ ಬಗ್ಗೆ ತಿಳಿಯಬಯಸುವವರಿಗೆ ಡಾ. ಎ.ವಿ. ನರಸಿಂಹ ಮೂರ್ತಿಯವರ ಸಂಶೋಧನೆಗಳು ದಾರಿದೀಪವಾಗಿವೆ.

ಕೊನೆಯ ಮಾತು

ನಮ್ಮ ಮನೆಯಲ್ಲಿಯೂ ಒಂದು ಡಬ್ಬಿಯಿತ್ತು. 1980ರ ಆ ಏರಿಕೆಯ ದಿನಗಳಲ್ಲಿ, ನಾವಿನ್ನೂ ಬಾಲ್ಯದಲ್ಲಿದ್ದಾಗ, ಅಜ್ಜಿಯ ರೂಪಾಯಿಗಳನ್ನು ಒಟ್ಟಾಗಿ ತೂಗಿ ಕೊಟ್ಟುಬಿಟ್ಟರು. ಸೋದರತ್ತೆಯ ಮದುವೆಯ ಖರ್ಚಿತ್ತು. ಕೊಟ್ಟದ್ದು ತಪ್ಪೆಂದು ನಾವೆಂದೂ ಭಾವಿಸಿಲ್ಲ, ಹಣವಿರುವುದೇ ಇಂಥ ಹೊತ್ತಿಗೆ. ಆದರೆ ಅವುಗಳಲ್ಲಿ ಯಾವ ಇಸವಿಗಳಿದ್ದವು, ಯಾವ ಟಂಕಸಾಲೆಯವಿದ್ದವು ಎಂದು ಒಂದು ಚೀಟಿಯಲ್ಲಿಯೂ ಬರೆದಿಡಲಿಲ್ಲ. ಒಂದನ್ನೂ ಉಳಿಸಿಕೊಳ್ಳಲಿಲ್ಲ. ಅಜ್ಜಿ ಅವುಗಳನ್ನು ಎಲ್ಲಿಂದ ಎಷ್ಟು ಕಷ್ಟದಿಂದ ಕೂಡಿಸಿದ್ದರೆಂದು ಕೇಳಿ ತಿಳಿಯುವ ವಯಸ್ಸು ನಮಗೆ ಬರುವಷ್ಟರಲ್ಲಿ ಅಜ್ಜಿಯೂ ಇರಲಿಲ್ಲ, ಕೈಗೆತ್ತಿಕೊಂಡು ನೋಡಲು ರೂಪಾಯಿಯೂ ಇರಲಿಲ್ಲ.

ನೆರೆಯ ತಾಯಿ ಮಾಡಿದ್ದು ನಮಗೆ ಮೆಚ್ಚುಗೆಯಾಯಿತು. 1911ರದನ್ನೂ ಒಳ್ಳೆಯ ಸ್ಥಿತಿಯಲ್ಲಿದ್ದ ಮೂರನ್ನೂ ಹಾಲಿ ಸಿಕ್ಕಾಗಳನ್ನೂ ಗಾಂಧಿ ನಾಣ್ಯಗಳನ್ನೂ ಬೇರೆ ತೆಗೆದಿಟ್ಟರು. ಸವೆದವುಗಳಲ್ಲಿ ಮೊಮ್ಮಕ್ಕಳಿಗೆ ತಲೆಗೊಂದರಂತೆ ನಾಲ್ಕನ್ನು ಆರಿಸಿ, ಅದು ಯಾರಿಂದ ಬಂದದ್ದೆಂದು ಚೀಟಿ ಬರೆಸಿ ಲಕೋಟೆಗೆ ಹಾಕಿದರು. ಉಳಿದ ಸವೆದ ರೂಪಾಯಿಗಳೂ ಅರ್ಧಬೆಳ್ಳಿಯವೂ, ಈ ಬಾರಿ ಸರಿಯಾದ ಶುದ್ಧತೆಯ ಲೆಕ್ಕದಲ್ಲಿ, ಮದುವೆಯ ದೀಪಗಳಿಗೆ ಹೋದವು. ಬೆಳ್ಳಿ ಸಾಲದಾದಾಗ ಒಂದಿಷ್ಟು ಹೊಸದನ್ನು ಸೇರಿಸಿದರು.

ಕರಗಿಸಿದ ಬೆಳ್ಳಿಯನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಕರಗಿಸಿದ ನಾಣ್ಯವನ್ನು ಮರಳಿ ಪಡೆಯಲಾಗದು. ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಡಬ್ಬಿಯನ್ನು ತೆರೆಯಿರಿ, ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿ, ಇಸವಿ ಬರೆದುಕೊಳ್ಳಿ, ತೂಕ ಮಾಡಿಸಿ. ಮನೆಯ ಹಿರಿಯರು ಇನ್ನೂ ಇದ್ದರೆ ಅವು ಎಲ್ಲಿಂದ ಬಂದವೆಂದು ಕೇಳಿ, ಅದನ್ನೂ ಬರೆದಿಡಿ. ಅಂಗಡಿಗೆ ಹೋಗುವ ಮಾತು ಆಮೇಲಿನದು.